ಬಲಗಡೆಯಿಂದ ಬರೆದ ಅರವತ್ತನಾಲ್ಕು

ನನ್ನ ಕೈಯಿಂದ ಒಂದು ಕೂಸಿನ ಕಿವಿ ಹೋಯಿತು. ನನ್ನ ಮಾಸ್ತರಿಕೆಯ ದಿನಗಳನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೆ ಎಲ್ಲಿಂದಲೋ ಶುರು ಮಾಡಲು ನೋಡಿದ್ದೇನೆ. ಎರಡು ಹಾಳೆ ಮುಗಿಯುವುದರೊಳಗೆ ಕೈ ನಿಂತುಬಿಡುತ್ತದೆ. ಅದಕ್ಕೇ ಈ ಸಲ ಅದನ್ನೇ ಮೊದಲು ಬರೆದುಬಿಟ್ಟೆ.

ನಿಜಾಮರ ಆಳ್ವಿಕೆಯ ಕಾಲ, ಆಗ ನನಗೆ ಇಪ್ಪತ್ತೊಂದು ವರ್ಷ. ನಮ್ಮದು ಉಮರಗಾ ತಾಲೂಕಿನಲ್ಲಿ ಮುರುಮ ಪೇಟೆಯ ಮಗ್ಗುಲಿನ ಹಳ್ಳಿ, ಹೊಲ ಎತ್ತು ಇದ್ದ ಮನೆ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯ ಬಾಗಿಲಲ್ಲಿ ಉರ್ದು. ನಾನು ಕೊನೆಯ ಮಗ. ಕೂರಿಗೆಯ ಹಿಂದೆ ನಡೆದರೆ ನನ್ನ ಸಾಲು ಹಾವಿನಂತೆ ಹರಿಯುತ್ತಿತ್ತು. ಇವನು ಹೊಲಕ್ಕೆ ಬರುವವನಲ್ಲ ಎಂದು ಅಪ್ಪ ನನ್ನನ್ನು ಕಲಬುರ್ಗಿಗೆ ಕಳಿಸಿದ. ಅಲ್ಲಿ ಮಠದಲ್ಲಿ ಉಂಡು, ಸರಕಾರಿ ಶಾಲೆಯಲ್ಲಿ ಉರ್ದು ಕಲಿತು, ಪರೀಕ್ಷೆ ಪಾಸಾದೆ. ಸರಕಾರ ನನ್ನನ್ನು ನಿಲಂಗಾ ತಾಲೂಕಿನ ಒಂದು ಪೇಟೆ ಊರಿಗೆ ಹಾಕಿತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಪಾಸಣೆಯ ಸಾಹೇಬರು ಬಂದು, ನೋಡಿ, ಶಾಲೆಯ ಬುಕ್ಕಿನಲ್ಲಿ ಒಳ್ಳೆಯ ಮಾತು ಬರೆದು ಹೋದರೆ ಕಾಯಂ. ಇಲ್ಲದಿದ್ದರೆ ಮತ್ತೆ ಅಪ್ಪನ ಕೂರಿಗೆಯ ಹಿಂದೆ.

ಪ್ಲೇಗು ಬಂದು ಹೋಗಿ ಎರಡು ಮಳೆಗಾಲ ಕಳೆದಿತ್ತು. ಊರಲ್ಲಿ ಬೀಗ ಹಾಕಿದ ಮನೆಗಳು ಇನ್ನೂ ಇದ್ದವು. ಕೆಲವು ಮನೆಗಳ ಹೆಂಚು ತೆಗೆದು ಬಿಸಿಲು ಬೀಳಲು ಬಿಟ್ಟಿದ್ದರು, ಆಮೇಲೆ ಹೆಂಚು ಹೊದಿಸುವವರು ಉಳಿದಿರಲಿಲ್ಲ. ಚಾವಡಿಗೆ ಹತ್ತಿದ ಎರಡು ಕೋಣೆಗಳೇ ಶಾಲೆ. ಒಂದರಲ್ಲಿ ಹೆಡ್ ಮಾಸ್ತರರು, ಬೀದರಿನ ಕಡೆಯ ವಯಸ್ಸಾದ ಮುಸಲ್ಮಾನರು, ದೊಡ್ಡ ಮಕ್ಕಳಿಗೆ ಉರ್ದು ಓದಿಸುತ್ತಿದ್ದರು. ಇನ್ನೊಂದರಲ್ಲಿ ಕೆಳಗಿನ ತರಗತಿಗಳನ್ನೆಲ್ಲ ಕೂಡಿಸಿಕೊಂಡು ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಇಪ್ಪತ್ತೇಳು ಮಕ್ಕಳು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಆಡುವ ಲಿಂಗವಂತರ ಮಕ್ಕಳು, ಉಳಿದವರು ಮರಾಠಿಯವರು. ಲೆಕ್ಕ ಮಾತ್ರ ಉರ್ದುವಿನಲ್ಲಿ ಆಗಬೇಕೆಂದು ಮೇಲಿನಿಂದ ಹುಕುಂ ಇತ್ತು.

ಇದರಿಂದ ಏನಾಗುತ್ತಿತ್ತು ಎಂದು ಸ್ವಲ್ಪ ಹೇಳಬೇಕು. ಕನ್ನಡದ ಮಗು ಇಪ್ಪತ್ತೈದು ಅನ್ನುತ್ತದೆ. ಮೊದಲು ಇಪ್ಪತ್ತು, ಆಮೇಲೆ ಐದು. ಬಾಯಿ ಹೇಳಿದ ಕ್ರಮದಲ್ಲೇ ಕೈ ಬರೆಯುತ್ತದೆ, ಎರಡು ಮೊದಲು, ಐದು ಆಮೇಲೆ. ಉರ್ದುವಿನಲ್ಲಿ ಅದು ಪಚ್ಚೀಸ್, ಮರಾಠಿಯಲ್ಲಿ ಪಂಚವೀಸ. ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ನಾನು ಪಚ್ಚೀಸ್ ಎಂದು ಹೇಳಿದರೆ ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ಐವತ್ತೆರಡು ಬರೆದು ಪಾಟಿ ಎತ್ತಿ ತೋರಿಸುತ್ತಿದ್ದರು. ನಾನೂ ಸಣ್ಣವನಿದ್ದಾಗ ಹಾಗೆ ಬರೆದೇ ಪೆಟ್ಟು ತಿಂದವನು. ಆದರೆ ಮಾಸ್ತರನಾದ ಮೇಲೆ ಅದು ನೆನಪಿಗೆ ಬರಲಿಲ್ಲ. ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದೆ. ನನ್ನ ಕೈಯಲ್ಲಿ ಲಕ್ಕಿ ಗಿಡದ ಛಡಿ ಇರುತ್ತಿತ್ತು. ಹೊಡೆಯದ ಮಾಸ್ತರನನ್ನು ಆಗ ಊರಿನವರೇ ನಂಬುತ್ತಿರಲಿಲ್ಲ.

ಮುಂಗಾರಿ ಜೋಳದ ರಾಶಿ ಮುಗಿದ ಹೊತ್ತಿನಲ್ಲಿ ಒಬ್ಬ ಮುದುಕಿ ತನ್ನ ಮೊಮ್ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಊರೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಿತ್ತು. ಕಾಳುಕಡಿ ವ್ಯಾಪಾರದ ಹಳೆಯ ಮನೆತನ. ಮಗ, ಸೊಸೆ, ಒಬ್ಬ ಮೊಮ್ಮಗ ಮೂವರೂ ಪ್ಲೇಗಿನಲ್ಲಿ ಒಂದೇ ವಾರದಲ್ಲಿ ಹೋಗಿದ್ದರು. ಉಳಿದದ್ದು ಆಯಿ ಮತ್ತು ಎಂಟು ವರ್ಷದ ಈ ಹುಡುಗಿ. ಅಂಗಡಿಯನ್ನು ಆಳುಗಳು ನಡೆಸುತ್ತಿದ್ದರು.

ಶಾಲೆಯಲ್ಲಿ ಆಗ ಒಂದೂ ಹೆಣ್ಣು ಮಗು ಇರಲಿಲ್ಲ. ನಾನು ಹೆಡ್ ಮಾಸ್ತರರನ್ನು ಕೇಳಿ ಹೇಳುತ್ತೇನೆ ಅಂದೆ. ಆಯಿ ಕಟ್ಟೆಯ ಮೇಲೆ ಕುಳಿತಳು, ಏಳಲಿಲ್ಲ.

"ಮಾಸ್ತರ, ಇಕಿಗಿ ಓದೂದು ಬರಲಿಲ್ಲಂದ್ರೂ ನಡೀತದ," ಅಂದಳು. "ಲೆಕ್ಕ ಬರಬೇಕು. ನನ್ನ ಕಣ್ಣ ಮುಂದ ಈಗ ಯಾರೂ ಸುಳ್ಳ ಅಳ್ಯಾಂಗಿಲ್ಲ. ನಾಳಿ ನಾ ಇರಾಂಗಿಲ್ಲ. ಆವಾಗ ಇಕಿ ಎಣಸಬೇಕು. ನೀವು ಕಲಸ್ರಿ."

ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಕೂಡಲಿ ಬಿಡಿ ಎಂದು ಕೈ ಮಾಡಿದರು.

ಹುಡುಗಿ ಬಾಗಿಲ ಪಕ್ಕದಲ್ಲಿ, ಗಂಡು ಮಕ್ಕಳಿಂದ ಒಂದು ಮಾರು ದೂರ, ತಾನೇ ತಂದ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಮಾತು ಕಡಿಮೆ. ಆದರೆ ಅವಳಂಥ ಮಗು ನನ್ನ ಮುಂದೆ ಮತ್ತೆ ಕೂತಿಲ್ಲ, ಅದನ್ನು ನಾನು ಮೂವತ್ತು ವರ್ಷ ಕಲಿಸಿದ ಮೇಲೆ ಹೇಳುತ್ತಿದ್ದೇನೆ. ಅಂಗಡಿಯಲ್ಲಿ ಕಾಳು ಅಳೆಯುವವನ ಕೂಗು ಕೇಳುತ್ತಲೇ ಬೆಳೆದವಳು. ಅಳೆಯುವವರು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಮೊದಲ ದಿನ ಎಣಿಸು ಅಂದರೆ ಅವಳೂ ಲಾಭ ಎಂದೇ ಶುರು ಮಾಡಿದಳು. ಹುಡುಗರು ನಕ್ಕರು. ಮರುದಿನದಿಂದ ಒಂದು ಅಂದಳು, ಮೂರನೆಯ ದಿನದಿಂದ ಏಕ್ ಅಂದಳು. ತಿಂಗಳೊಳಗೆ ನೂರರವರೆಗೆ ಮೂರೂ ಭಾಷೆಯಲ್ಲಿ ಹೇಳುತ್ತಿದ್ದಳು. ಎರಡು ತಿಂಗಳಿಗೆ ಇಪ್ಪತ್ತರ ಮಗ್ಗಿ. ಹುಣಸೆ ಬೀಜ ಇಟ್ಟು ಕೂಡಿಸುವುದನ್ನು ಕಲಿಸುತ್ತಿದ್ದರೆ, ಬೀಜ ಮುಟ್ಟದೆ ಕಣ್ಣಿನಿಂದಲೇ ಎಣಿಸಿ ಸುಮ್ಮನೆ ಕೂರುತ್ತಿದ್ದಳು. ಪಕ್ಕದ ಸಾಲಿನ ಹುಡುಗರು ನನಗೆ ತಿಳಿಯದಂತೆ ಅವಳ ಕಡೆ ನೋಡಿ, ಅವಳು ಬೆರಳು ಮಡಿಸಿದಷ್ಟು ಉತ್ತರ ಹೇಳುತ್ತಿದ್ದರು. ನನಗೆ ತಿಳಿಯುತ್ತಿತ್ತು.

ಪಾಟಿಯ ಮೇಲೆ ಅವಳು ಅಂಕಿ ಬರೆಯುವ ರೀತಿಯೊಂದೇ ಬೇರೆ ಇತ್ತು. ಉತ್ತರ ಎಂದೂ ತಪ್ಪುತ್ತಿರಲಿಲ್ಲವಾದ್ದರಿಂದ ಬಹಳ ದಿನ ನಾನು ಅದನ್ನು ಗಮನಿಸಿರಲಿಲ್ಲ.

ಬೇಸಿಗೆ ಹತ್ತುವ ಮುಂಚೆ ತಪಾಸಣೆಯ ಸಾಹೇಬರು ಉದಗೀರಿಗೆ ಬಂದಿದ್ದಾರೆ, ಅಲ್ಲಿಂದ ನಮ್ಮ ಕಡೆ ಬರುತ್ತಾರೆ ಎಂದು ಸುದ್ದಿ ಬಂತು. ಹೆಡ್ ಮಾಸ್ತರರು ಗೋಡೆಗೆ ಸುಣ್ಣ ಹೊಡೆಸಿದರು. ನಾನು ಮಕ್ಕಳಿಗೆ, ಇನ್ನು ನಾಲ್ಕು ದಿನ ಶಾಲೆಯೊಳಗೆ ಉರ್ದು ಬಿಟ್ಟು ಬೇರೆ ಮಾತು ಆಡಿದರೆ ಚರ್ಮ ಸುಲಿಯುತ್ತೇನೆ ಎಂದು ಹೇಳಿದೆ. ನಾನೂ ಆಡಲಿಲ್ಲ. ಮಕ್ಕಳು ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತವು. ಸಾಹೇಬರು ಸಾಮಾನ್ಯವಾಗಿ ಅಂಕಿಗಳನ್ನು ಬಾಯಲ್ಲಿ ಹೇಳಿ ಬರೆಸುತ್ತಾರೆ ಎಂದು ಕೇಳಿದ್ದೆ. ದಿನವಿಡೀ ಅದನ್ನೇ ಮಾಡಿಸಿದೆ.

ಸಾಹೇಬರು ಬರುವ ಹಿಂದಿನ ದಿನ, ಮಧ್ಯಾಹ್ನದ ಬಿಡುವು ಮುಗಿದ ಮೇಲೆ, ನಾನು ಚೌಂಸಠ್ ಅಂದೆ. ಅರವತ್ತನಾಲ್ಕು. ಮಕ್ಕಳ ಹಿಂದಿನಿಂದ ನಡೆಯುತ್ತ ಪಾಟಿಗಳನ್ನು ನೋಡುತ್ತಿದ್ದೆ. ಹುಡುಗಿ ಪಾಟಿಯ ಬಲಗಡೆಗೆ ಮೊದಲು ನಾಲ್ಕು ಬರೆದಳು, ಆಮೇಲೆ ಅದರ ಎಡಕ್ಕೆ ಆರು ಬರೆದಳು. ಅಂಕಿ ಸರಿಯಾಗಿ ಅರವತ್ತನಾಲ್ಕೇ ಆಗಿತ್ತು. ಆದರೆ ಕೈ ಹಿಂದೆ ಹಿಂದೆ ಹೋಗಿತ್ತು. ಸಾಹೇಬರು ಇದನ್ನು ನೋಡಿದರೆ ಏನಂದಾರು ಎಂದು ನನಗೆ ಗಾಬರಿಯಾಯಿತು. ಅಳಿಸು, ಎಡಗಡೆಯಿಂದ ಬರೆ ಎಂದು ಉರ್ದುವಿನಲ್ಲಿ ಹೇಳಿದೆ.

ಅವಳು ಅಳಿಸಿದಳು. ಆಮೇಲೆ ತಲೆ ಎತ್ತಿ ಕನ್ನಡದಲ್ಲಿ ಕೇಳಿದಳು.

"ಮಾಸ್ತರ್ರೀ, ಉರ್ದು ಅಕ್ಷರ ಬಲಗಡಿಂದ ಬರೀತೀವಿ. ಕೂಡಸೂದು ಬಲಗಡಿಂದ ಕೂಡಸ್ತೀವಿ. ಚೌಂಸಠ್ ಅಂದ್ರ ಮೊದಲ ನಾಕೇ ಬರ್ತದ. ಮತ್ತ ಅಂಕಿ ಅಷ್ಟೇ ಯಾಕ್ರೀ ಎಡಗಡಿಂದ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನ ತಲೆಗೇ ಎಂದೂ ಹೊಕ್ಕಿರಲಿಲ್ಲ. ಅವಳು ಮಾತಿಗೆ ಎದುರಾಡಿದಳು, ಕನ್ನಡ ಆಡಿದಳು, ಅದಕ್ಕೆ ಹೊಡೆದೆ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಇಪ್ಪತ್ತೇಳು ಹುಡುಗರು ಪಾಟಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು, ಉತ್ತರ ಏನು ಎಂದು ಅವರಿಗೂ ಬೇಕಾಗಿತ್ತು. ನನ್ನ ಹತ್ತಿರ ಇರಲಿಲ್ಲ. ಅದಕ್ಕೆ ಹೊಡೆದೆ. ಛಡಿ ಎಡಗೈಯಲ್ಲಿತ್ತು, ಬಲಗೈ ಖಾಲಿ ಇತ್ತು. ಅಂಗೈ ಬಿಚ್ಚಿ ಕಿವಿಯ ಮೇಲೆ ಬಾರಿಸಿದೆ.

ಅವಳು ಗೋಣಿಚೀಲದ ಮೇಲೆ ಒಂದು ಮಗ್ಗುಲಿಗೆ ವಾಲಿದಳು. ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೂತು ಪಾಟಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಮತ್ತೆ ಚೌಂಸಠ್ ಅಂದೆ. ನನ್ನ ಮುಖ ನೋಡುತ್ತ ಎಡಗಡೆಯಿಂದ ಮೊದಲು ನಾಲ್ಕು ಬರೆದಳು, ಆಮೇಲೆ ಆರು. ನಲವತ್ತಾರು. ಹೇಳಿದಂತೆ ಮಾಡಿದ್ದಳು. ಅದುವರೆಗೆ ಒಂದು ಸಲವೂ ತಪ್ಪದಿದ್ದವಳ ಪಾಟಿಯ ಮೇಲೆ ಅದು ಮೊದಲ ತಪ್ಪು.

ಮರುದಿನ ಸಾಹೇಬರು ಕುದುರೆಯ ಮೇಲೆ ಬಂದರು. ಹುಡುಗಿಯೂ ಬಂದಿದ್ದಳು, ತಲೆಗೆ ಸೆರಗಿನಂತೆ ಒಂದು ಬಟ್ಟೆ ಸುತ್ತಿಕೊಂಡಿದ್ದಳು. ಹೆಣ್ಣು ಮಗುವನ್ನು ನೋಡಿ ಸಾಹೇಬರಿಗೆ ಖುಷಿಯಾಯಿತು. ಹತ್ತಿರ ಕರೆದು ಬಹತ್ತರ್ ಬರೆ ಅಂದರು, ಎಪ್ಪತ್ತೆರಡು. ಅವಳು ಎಡಗಡೆಯಿಂದ ಎರಡು ಬರೆದು, ಏಳು ಬರೆದು, ಪಾಟಿ ತೋರಿಸಿದಳು. ಸಾಹೇಬರು ನಕ್ಕರು. ಇರಲಿ, ಹೆಣ್ಣು ಮಗು ಬಂದು ಕೂತಿದೆಯಲ್ಲ ಅದೇ ದೊಡ್ಡದು ಎಂದು ಹೆಡ್ ಮಾಸ್ತರರಿಗೆ ಹೇಳಿದರು. ಹೋಗುವಾಗ ಬುಕ್ಕಿನಲ್ಲಿ ನನ್ನ ಶಿಸ್ತನ್ನು ಹೊಗಳಿ ಬರೆದರು. ಎರಡು ತಿಂಗಳಲ್ಲಿ ನನ್ನ ನೌಕರಿ ಕಾಯಂ ಆದ ಕಾಗದ ಬಂತು.

ತಪಾಸಣೆಯಾದ ಮೂರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ವಾರವಾಯಿತು. ಆಯಿ ಆಳಿನ ಕೈಲಿ ಹೇಳಿ ಕಳಿಸಿದಳು, ಒಮ್ಮೆ ಬಂದು ಹೋಗಿ ಎಂದು. ಹೋದೆ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿಸಿದ್ದರು. ಜ್ವರ. ಎಡ ಕಿವಿಯಿಂದ ಕೀವು ಸೋರಿ ಕುತ್ತಿಗೆಯವರೆಗೆ ಒಣಗಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಿದ್ದರು, ಹಕೀಮನ ಔಷಧವೂ ಆಗಿತ್ತು. ವಾಸನೆ ಬಾಗಿಲವರೆಗೆ ಬರುತ್ತಿತ್ತು.

ಸಾಲಿಯಲ್ಲಿ ಏನಾದರೂ ಆಯಿತೇ ಎಂದು ಆಯಿ ನನ್ನನ್ನು ಕೇಳಿದಳು. ನಾನು ಬಾಯಿ ತೆರೆದಿದ್ದು ನೆನಪಿದೆ, ಏನು ಹೇಳಬೇಕೆಂದಿದ್ದೆ ಎಂಬುದು ನೆನಪಿಲ್ಲ. ಅಷ್ಟರಲ್ಲಿ ಕಂಬಳಿಯ ಮೇಲಿಂದ ಹುಡುಗಿ ಹೇಳಿದಳು, "ಸಾಲಿ ಕಟ್ಟಿ ಮ್ಯಾಲಿಂದ ಬಿದ್ದೀನಿ ಅಂತ ಹೇಳೀನಲ್ಲ ಆಯಿ."

ಆಯಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

ಅವಳು ಯಾಕೆ ಹಾಗೆ ಹೇಳಿದಳು ಎಂದು ಅಲ್ಲಿಂದ ಶಾಲೆಗೆ ಬರುವ ದಾರಿಯಲ್ಲೇ ನನಗೆ ಹೊಳೆಯಿತು. ಮಾಸ್ತರ ಹೊಡೆದ ಅಂದರೆ ಆಯಿ ಶಾಲೆ ಬಿಡಿಸುತ್ತಿದ್ದಳು. ಅವಳಿಗೆ ಭಾಗಾಕಾರ ಇನ್ನೂ ಬರಬೇಕಾಗಿತ್ತು. ಮುಂದಿನ ತಿಂಗಳು ಕಲಿಸುತ್ತೇನೆ ಎಂದು ನಾನೇ ಹೇಳಿದ್ದೆ.

ಜ್ವರ ಇಳಿಯಲಿಲ್ಲ. ಉದಗೀರಿನಲ್ಲಿ ಸರಕಾರಿ ದವಾಖಾನೆ ಇತ್ತು. ಆಯಿಗೆ ಉರ್ದು ಬರುತ್ತಿರಲಿಲ್ಲ, ಅಲ್ಲಿಯ ಡಾಕ್ಟರರಿಗೆ ಕನ್ನಡ ಬರುತ್ತಿರಲಿಲ್ಲ. ನೀವು ಜೊತೆಗೆ ಬಂದರೆ ಅನುಕೂಲ ಎಂದು ಆಯಿ ಕೇಳಿಕೊಂಡಳು. ಹೆಡ್ ಮಾಸ್ತರರು ರಜೆ ಕೊಟ್ಟರು. ಬಂಡಿಯಲ್ಲಿ ಒಂದು ದಿನದ ದಾರಿ. ಹುಲ್ಲಿನ ಮೇಲೆ ಹಾಸಿ ಹುಡುಗಿಯನ್ನು ಮಲಗಿಸಿದ್ದರು. ಬಂಡಿ ಕುಲುಕಿದಾಗಲೆಲ್ಲ ಅವಳು ಹಲ್ಲು ಕಚ್ಚುವುದು ಕೇಳಿಸುತ್ತಿತ್ತು. ಕರಿ ನೆಲ ಬಿರಿದಿತ್ತು, ತೊಗರಿ ಕಟ್ಟಿಗೆಯ ಮೋಟುಗಳು ಹೊಲದ ತುಂಬ ನಿಂತಿದ್ದವು. ನಾನು ಬಂಡಿಯ ಹಿಂದೆ ನಡೆದೇ ಹೋದೆ. ಹತ್ತಿ ಕೂರಿ ಎಂದು ಆಯಿ ಎರಡು ಸಲ ಹೇಳಿದಳು.

ಡಾಕ್ಟರರು ನಡುವಯಸ್ಸಿನ ಮನುಷ್ಯ. ಕಿವಿಯೊಳಗೆ ಕನ್ನಡಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಉರ್ದುವಿನಲ್ಲಿ ನನ್ನನ್ನು ಕೇಳಿದರು: ಈ ಮಗುವಿಗೆ ಯಾರಾದರೂ ಕಪಾಳಕ್ಕೆ ಹೊಡೆದಿದ್ದರೇ, ಮುದುಕಿಯನ್ನು ಕೇಳಿ ಹೇಳು.

ನಾನು ಆಯಿಯ ಕಡೆ ತಿರುಗಿ, ಜ್ವರ ಎಂದಿನಿಂದ ಬಂದಿದೆ ಎಂದು ಕೇಳುತ್ತಿದ್ದಾರೆ ಅಂದೆ. ಆಯಿ ದಿನ ಹೇಳಿದಳು. ನಾನು ಡಾಕ್ಟರರ ಕಡೆ ತಿರುಗಿ, ಕಟ್ಟೆಯ ಮೇಲಿಂದ ಬಿದ್ದಳಂತೆ ಅಂದೆ.

ಅವರು ನನ್ನ ಕೈ ನೋಡಿದರು. ನೀನು ಯಾರು ಎಂದು ಕೇಳಿದರು. ಶಾಲೆಯ ಮಾಸ್ತರ ಅಂದೆ. ಪರದೆ ಹರಿದಿದೆ, ಒಳಗೆ ಕೊಳೆತಿದೆ, ಈ ಕಿವಿ ಹೋದಂತೆಯೇ, ವಿಷ ತಲೆಗೆ ಏರದಿದ್ದರೆ ಇನ್ನೊಂದು ಉಳಿದೀತು ಎಂದು ಹೇಳಿ ಎದ್ದು ಕೈ ತೊಳೆಯಲು ಹೋದರು. ಇದನ್ನು ಮಾತ್ರ ನಾನು ಆಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಆಯಿ, ಹುಡುಗಿ ಇಬ್ಬರೂ ಅಲ್ಲೇ ಹನ್ನೊಂದು ದಿನ ಇದ್ದರು. ನಾನು ಮೂರನೆಯ ದಿನ ಶಾಲೆಗೆ ಮರಳಿದೆ. ಬಂಡಿ ಊರಿಗೆ ಬಂದಾಗ ಹುಡುಗಿ ಬದುಕಿದ್ದಳು. ಜ್ವರ ತಲೆಗೆ ಏರಿ ಇಳಿದಿತ್ತು, ಕುತ್ತಿಗೆ ಕಟ್ಟಿಗೆಯಂತಾಗಿ ಆಮೇಲೆ ಸಡಿಲಾಗಿತ್ತು. ಬಂಡಿಯಿಂದ ಇಳಿಸುವಾಗ ಅಂಗಡಿಯ ಆಳು ಅವಳ ಹೆಸರು ಹಿಡಿದು ಕರೆದ. ಅವಳು ತಿರುಗಲಿಲ್ಲ. ಎರಡೂ ಕಿವಿ ಹೋಗಿದ್ದವು.

ಶಾಲೆಯಲ್ಲಿ ಇಪ್ಪತ್ತೇಳು ಹುಡುಗರಲ್ಲಿ ಒಬ್ಬನೂ ನನ್ನ ಮುಂದೆ ಆ ಮಾತು ಎತ್ತಲಿಲ್ಲ. ನಾನು ಹಿಂದೆ ಬಂದು ನಿಂತರೆ ಅವರ ಭುಜ ಕಿವಿಯವರೆಗೆ ಏರುತ್ತಿದ್ದವು.

ಮಳೆ ಶುರುವಾದ ಮೇಲೆ ನಾನೇ ಆಯಿಯ ಮನೆಗೆ ಹೋಗಿ, ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಬಂದು ಲೆಕ್ಕ ಹೇಳಿಕೊಡುತ್ತೇನೆ ಅಂದೆ. ಆಯಿ ಆಗಲಿ ಅಂದಳು, ಯಾಕೆ ಎಂದು ಕೇಳಲಿಲ್ಲ. ಮಕ್ಕಳು ಲೆಕ್ಕವನ್ನು ಬಾಯಿಂದ, ಕಿವಿಯಿಂದ ಕಲಿಯುತ್ತವೆ. ಮಗ್ಗಿ ಅನ್ನುವುದು ಕೂಡಿ ಕೂಗುವ ಹಾಡು. ಅದು ಯಾವುದೂ ಇಲ್ಲದೆ ಹೇಗೆ ಕಲಿಸಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊರದಲ್ಲಿ ಜೋಳ ಹರಡಿಕೊಂಡು ಕೂರುತ್ತಿದ್ದೆವು. ಹನ್ನೆರಡು ಕಾಳು ಇಟ್ಟು ಮೂರು ಗುಂಪು ಮಾಡಿ ಅವಳ ಮುಖ ನೋಡುತ್ತಿದ್ದೆ. ಅವಳು ಪಾಟಿಯ ಮೇಲೆ ನಾಲ್ಕು ಬರೆಯುತ್ತಿದ್ದಳು. ಭಾಗಾಕಾರ ಹೀಗೇ ಬಂತು. ದಶಕ ಒಯ್ಯುವುದು, ಕಡ ತರುವುದು ಬಂತು. ಅಂಕಿಯನ್ನು ಈಗ ಎಡಗಡೆಯಿಂದಲೇ ಬರೆಯುತ್ತಿದ್ದಳು. ಕೇಳುವುದು ಇಲ್ಲವಾದ್ದರಿಂದ ಚೌಂಸಠ್ ಅವಳಿಗೆ ಅಡ್ಡ ಬರುತ್ತಿರಲಿಲ್ಲ, ಕಣ್ಣಿಗೆ ಕಂಡದ್ದನ್ನು ನೋಡಿ ಬರೆಯುತ್ತಿದ್ದಳು.

ಮೊದಮೊದಲು ಮಾತಾಡುತ್ತಿದ್ದಳು. ತನ್ನ ದನಿ ತನಗೆ ಕೇಳದೆ ಬಹಳ ಜೋರಾಗಿ ಆಡುತ್ತಿದ್ದಳು, ಆಯಿ ಬಾಯಿಯ ಮೇಲೆ ಬೆರಳು ಇಟ್ಟು ತೋರಿಸುತ್ತಿದ್ದಳು. ಬರಬರುತ್ತ ಶಬ್ದಗಳ ತುದಿ ಸವೆದವು. ಓಣಿಯ ಹುಡುಗರು ಅಣಕಿಸುವುದು ಕಿವಿಗೆ ಕೇಳದಿದ್ದರೂ ಕಣ್ಣಿಗೆ ಕಾಣುತ್ತಿತ್ತು. ದೀಪಾವಳಿಯ ಹೊತ್ತಿಗೆ ಮಾತು ಬಿಟ್ಟೇಬಿಟ್ಟಳು.

ಆ ಚಳಿಗಾಲದಲ್ಲಿ ಒಂದು ದಿನ ನಾನು ಹೆಡ್ ಮಾಸ್ತರರನ್ನು ಕೇಳಿದೆ. ಯಾರು ಕೇಳಿದ್ದೆಂದು ಹೇಳಲಿಲ್ಲ. ಉರ್ದು ಅಕ್ಷರ ಬಲದಿಂದ ಎಡಕ್ಕೆ ಬರೆಯುತ್ತೇವೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ, ಯಾಕೆ ಎಂದು. ಅವರು ಎಲೆ ಅಡಿಕೆ ಮಡಿಸುತ್ತಿದ್ದವರು ಕೈ ನಿಲ್ಲಿಸಿ, ಇದು ಒಳ್ಳೆಯ ಪ್ರಶ್ನೆ ಅಂದರು. ಅರಬರು ಹಿಂದಕ್ಕೆ ಬಿಡಿ ಅಂಕಿಯನ್ನು ಮೊದಲು ಹೇಳಿ ಆಮೇಲೆ ಹತ್ತು ಹೇಳುತ್ತಿದ್ದರು, ನಾಲ್ಕು ಮತ್ತು ಅರವತ್ತು ಅನ್ನುವ ಹಾಗೆ. ಅಕ್ಷರದ ಜೊತೆಗೇ ಬಲಗಡೆಯಿಂದ ನಾಲ್ಕು ಬರೆದು, ಅದರ ಎಡಕ್ಕೆ ಆರು ಬರೆದರೆ ಅವರಿಗೆ ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಎಡದಿಂದ ಬರೆಯುವುದು ನಮ್ಮಲ್ಲಿ ಆಮೇಲೆ ಬಂದ ರೂಢಿ ಎಂದು ತಮ್ಮ ಉಸ್ತಾದರು ಹೇಳಿದ್ದರಂತೆ. "ಬಲಗಡೆಯಿಂದ ಬರೆದರೆ ತಪ್ಪೇ?" ಎಂದು ಕೇಳಿದೆ. ತಪ್ಪೇಕೆ, ತಿಳಿದು ಬರೆದವನಾದರೆ ಅವನು ಪಂಡಿತ ಎಂದು ನಕ್ಕರು.

ಅವರು ಕೂರುತ್ತಿದ್ದುದು ನನ್ನ ಕೋಣೆಯ ಗೋಡೆಯ ಆಚೆಗೆ. ಅವಳು ಕೇಳಿದ ದಿನ ನಾನು ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ಸಂಜೆ ಆಯಿಯ ಮನೆಗೆ ಹೋಗಿ ಹುಡುಗಿಯ ಮುಂದೆ ಕೂತೆ. ಅವಳ ಪಾಟಿ ತೆಗೆದುಕೊಂಡು ಬಲಗಡೆ ನಾಲ್ಕು ಬರೆದು ಎಡಕ್ಕೆ ಆರು ಬರೆದೆ. ನನ್ನ ಎದೆಗೆ ಬೆರಳು ತೋರಿಸಿ, ತಪ್ಪು ಎಂಬಂತೆ ಕೈ ಆಡಿಸಿದೆ. ತಪ್ಪು ಅಂಕಿಯದೋ ನನ್ನದೋ ಅವಳಿಗೆ ಹೇಗೆ ತಿಳಿಯಬೇಕು? ಅವಳು ಹೆದರಿದಳು. ತಟ್ಟನೆ ಪಾಟಿ ಕಸಿದುಕೊಂಡು, ಅಂಗೈಯಿಂದ ಅಳಿಸಿ, ಎಡಗಡೆಯಿಂದ ಆರು, ನಾಲ್ಕು ಎಂದು ಬರೆದು ನನಗೆ ಕೊಟ್ಟಳು. ಕೊಡುವಾಗ ತಲೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ನಾನು ಎದ್ದು ಅಂಗಳಕ್ಕೆ ಬಂದೆ. ಆಯಿ ಬೇಳೆ ಕೇರುತ್ತಿದ್ದಳು. ಅವಳ ಎದುರು ನಿಂತು, "ಆಯಿ, ಅಕಿ ಕಟ್ಟಿ ಮ್ಯಾಲಿಂದ ಬಿದ್ದಿಲ್ರಿ. ನಾ ಹೊಡದೀನಿ," ಅಂದೆ.

ಆಯಿ ಮೊರ ಕೆಳಗೆ ಇಡಲಿಲ್ಲ. "ಗೊತ್ತದ," ಅಂದಳು. "ಆವತ್ತೇ ಸಂಜಿಗಿ ಬಾಜೂ ಮನಿ ಪೋರಗೋಳು ಬಂದು ಹೇಳ್ಯಾವ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಬೈದಿದ್ರ ನೀ ನಮ್ಮ ಓಣಿಗೇ ಬರ್ತಿದ್ದಿಲ್ಲ. ಕೆಪ್ಪ ಪೋರಿಗಿ ಲೆಕ್ಕ ಕಲಸ್ಲಾಕ ಮತ್ಯಾರ ಬರ್ತಾರ? ನಿನ್ನ ಹೊಟ್ಟ್ಯಾಗ ಆ ಸಂಕಟ ಇರೂತನಾ ನೀ ಬರ್ತಿ ಅಂತ ನನಗ ಗೊತ್ತಿತ್ತು. ಅದಕ್ಕ ಬಿಟ್ಟೀನಿ." ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಈಗ ಹೇಳಿ ಹಗುರ ಆಗಬ್ಯಾಡ. ನಾಳಿಗಿ ಬಾ."

ಆ ದಿನದವರೆಗೂ ಆಯಿ ನನಗೆ ನೀವು ಅನ್ನುತ್ತಿದ್ದಳು. ಆಮೇಲೆ ಎಂದೂ ಅನ್ನಲಿಲ್ಲ.

ನಾನು ಹೋದೆ. ಮರುದಿನವೂ, ಅದರ ಮರುದಿನವೂ. ಒಂದೂವರೆ ವರ್ಷ ಹೋದೆ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಅವಳು ಕಾಳು ಒಡೆದು ತೋರಿಸಿಕೊಂಡೇ ಕಲಿತಳು. ರಾಶಿ ನೋಡಿ ಎಷ್ಟು ಚೀಲ ಆದೀತು ಎಂದು ಬೆರಳಲ್ಲಿ ತೋರಿಸಿದರೆ ಅಳೆದಾಗ ಅರ್ಧ ಚೀಲದ ಮೇಲೆ ತಪ್ಪುತ್ತಿರಲಿಲ್ಲ. ಅಳೆಯುವವನ ಕೂಗು ಕೇಳದಿದ್ದರೂ ಅವನ ಕೈ ನೋಡುತ್ತ ಕೂತು, ಸೇರು ಪೂರ್ತಿ ತುಂಬದಿದ್ದರೆ ಎದ್ದು ಹೋಗಿ ಮುಟ್ಟಿ ತೋರಿಸುತ್ತಿದ್ದಳು. ಆಳುಗಳಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಆಯಿ ಅದನ್ನು ನೋಡಿ ಒಳಗೆ ಹೋಗುತ್ತಿದ್ದಳು.

ಅದೆಲ್ಲ ಎಲ್ಲಿಗೂ ಮುಟ್ಟಲಿಲ್ಲ. ಆಯಿ ಒಂದು ಮಳೆಗಾಲದಲ್ಲಿ ಎದೆ ಕಟ್ಟಿ ಮೂರು ದಿನ ಮಲಗಿ ತೀರಿಕೊಂಡಳು. ಲೋಹಾರಾದಿಂದ ಹುಡುಗಿಯ ದೊಡ್ಡಪ್ಪನ ವರಸೆಯವನೊಬ್ಬ ಬಂದ. ನಾನು ಆವರೆಗೆ ಅವನ ಹೆಸರೂ ಕೇಳಿರಲಿಲ್ಲ. ಲಿಂಗವಂತರ ರೂಢಿಯಂತೆ ಶವವನ್ನು ಕೂರಿಸಿ, ಸಮಾಧಿ ಮಾಡಿ, ಹನ್ನೊಂದನೆಯ ದಿನ ಜಂಗಮರಿಗೆ ಊಟ ಹಾಕಿ, ಹದಿನೈದನೆಯ ದಿನ ಅಂಗಡಿಗೆ ಬೇರೆ ಬೀಗ ಹಾಕಿದ. ನಾನು ಹೋಗಿ, ಹುಡುಗಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಅಂಗಡಿಯಲ್ಲಿ ಕೂರಿಸಿದರೆ ಉಪಯೋಗ ಎಂದು ಹೇಳಿದೆ. ಅವನು ಕೆಟ್ಟವನಂತೆ ಮಾತಾಡಲಿಲ್ಲ. ಕಿವಿ ಇಲ್ಲ, ಬಾಯಿ ಇಲ್ಲ, ಹೆಣ್ಣು, ಇನ್ನು ಅವಳನ್ನು ನಾವು ಸಾಕಬೇಕಲ್ಲ ಮಾಸ್ತರ್ರೇ ಅಂದ. ಬಂಡಿ ಹೊರಟಾಗ ಅವಳು ಸಾಮಾನಿನ ನಡುವೆ ಕೂತಿದ್ದಳು. ಪಾಟಿ ತೆಗೆದುಕೊಂಡು ಹೋದಳೋ ಇಲ್ಲವೋ ನಾನು ನೋಡಲಿಲ್ಲ.

ನಾನು ಆಮೇಲೆ ಉದಗೀರಿಗೆ ವರ್ಗವಾಗಿ ಹೋದೆ. ಮದುವೆಯಾಯಿತು, ಮಕ್ಕಳಾದವು. ಆ ಏಟಿನ ಮೇಲೆ ಶಾಲೆಯ ಮಕ್ಕಳನ್ನು ಹೊಡೆಯಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಹೊಡೆದಿದ್ದೇನೆ. ಕೈ, ಕಾಲು, ಬೆನ್ನು. ಭುಜದ ಮೇಲಕ್ಕೆ ಕೈ ಎತ್ತಲಿಲ್ಲ ಅಷ್ಟೇ. ಕನ್ನಡದ ಮಕ್ಕಳಿಗೆ ಅಂಕಿಯನ್ನು ಮೊದಲು ಕನ್ನಡದಲ್ಲಿ ಹೇಳಿ, ಬರೆಸಿ, ಆಮೇಲೆ ಉರ್ದು ಹೆಸರು ಹೇಳಿಕೊಡುತ್ತಿದ್ದೆ. ಅದಕ್ಕಾಗಿ ಎರಡು ಸಲ ಬುಕ್ಕಿನಲ್ಲಿ ನನ್ನ ಮೇಲೆ ತಕರಾರು ಬರೆದರು. ಡಾಕ್ಟರರು ಇನ್ನೂ ಅದೇ ದವಾಖಾನೆಯಲ್ಲಿದ್ದರು. ನನ್ನ ಮಗನಿಗೆ ದೇವಿ ಬೇನೆ, ಸಿಡುಬು, ಬಂದಾಗ ಅವರ ಹತ್ತಿರ ಒಯ್ದೆ. ನನ್ನ ಗುರುತು ಅವರಿಗೆ ಸಿಕ್ಕಿತೋ ಇಲ್ಲವೋ, ಮಗನಿಗೆ ಮಾತ್ರ ಚೆನ್ನಾಗಿ ನೋಡಿದರು.

ಎಂಟೋ ಒಂಬತ್ತೋ ವರ್ಷದ ಮೇಲೆ ನಮ್ಮ ಊರಿನ ಕಡೆಯ ಒಂದು ಮದುವೆಗೆಂದು ಲೋಹಾರಾಕ್ಕೆ ಹೋಗಿದ್ದೆ. ಆ ದೊಡ್ಡಪ್ಪ ಮದುವೆ ಮನೆಯಲ್ಲಿ ಸಿಕ್ಕು, ಗುರುತು ಹಿಡಿದು, ಮನೆಗೆ ಕರೆದುಕೊಂಡು ಹೋದ. ಪಡಸಾಲೆಯಲ್ಲಿ ಕೂರಿಸಿ ಮಜ್ಜಿಗೆ ತರಿಸಿದ. ನಾನು ಹುಡುಗಿಯ ವಿಷಯ ಕೇಳಿದೆ. ಇದ್ದಾಳೆ ಅಂದ. ಎರಡು ಕಡೆ ಸಂಬಂಧ ನೋಡಿದರೂ ಕೂಡಲಿಲ್ಲ, ಮೂಗಿಯನ್ನು ಯಾರು ಒಯ್ಯುತ್ತಾರೆ, ಮನೆಗೆಲಸಕ್ಕೆ ತೊಂದರೆಯಿಲ್ಲ ಅಂದ.

"ಮೂಗಿ ಅಲ್ರಿ ಅಕಿ," ಅಂದೆ.

ಅವನು ನನ್ನನ್ನು ನೋಡಿ, "ಹಂಗಾರ ಮಾತಾಡಬೇಕಲ್ರಿ?" ಎಂದು ಕೇಳಿದ. ಕುಚೇಷ್ಟೆಯಿಂದ ಕೇಳಲಿಲ್ಲ, ತಿಳಿಯದೆ ಕೇಳಿದ. ನಾನು ಮಜ್ಜಿಗೆ ಕುಡಿದೆ.

ಪಡಸಾಲೆಯಿಂದ ಹಿತ್ತಲು ಕಾಣುತ್ತಿತ್ತು. ಎತ್ತರದ ಹೆಣ್ಣು ಮಗಳೊಬ್ಬಳು ನನಗೆ ಬೆನ್ನು ಮಾಡಿ ಕೂತು, ಗೋಡೆಯ ಬುಡದಲ್ಲಿ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು. ಕರೆದರೆ ಕೇಳಿಸುವಂತಿರಲಿಲ್ಲ. ಎದ್ದು ಹಿತ್ತಲು ದಾಟಿ, ಅವಳ ಎದುರಿಗೆ ಹೋಗಿ ನಿಂತುಕೊಳ್ಳಬೇಕಾಗಿತ್ತು. ಹದಿನೈದು ಹೆಜ್ಜೆ ಇದ್ದಿರಬಹುದು. ದೊಡ್ಡಪ್ಪ ಕರೆಸಲೇ ಎಂದು ಕೇಳಿದ. ಬೇಡ, ಕೆಲಸದಲ್ಲಿದ್ದಾಳೆ ಅಂದೆ. ಉಮರಗಾದ ಕಡೆ ಹೋಗುವ ಬಂಡಿಗಳು ಮಧ್ಯಾಹ್ನದ ಹೊತ್ತಿಗೆ ಹೊರಡುತ್ತವೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬಂಡಿಗಳು ಹೊರಟಿದ್ದು ಇಳಿಹೊತ್ತಿಗೆ. ಅಲ್ಲಿಯವರೆಗೂ ನಾನು ಪೇಟೆಯ ಬೇವಿನ ಮರದ ಕೆಳಗೆ ಕೂತಿದ್ದೆ.